ಗವರ್ನರ್ ಸಭೆ ಮುಚ್ಚಿದ, ಅವರು ಗವರ್ನರ್ ಹೆಂಡತಿಗೆ ಪಾರ್ಟಿ ಕೊಟ್ಟರು: ವಿಲಿಯಮ್ಸ್‌ಬರ್ಗ್‌ನಲ್ಲಿ ಎರಡು ದಿನ

ಮೊಮ್ಮಗನಿಗೆ ರೋಲರ್ ಕೋಸ್ಟರ್ ಬೇಕಿತ್ತು, ನನಗೆ ಹಳೇ ಶಾಸನಸಭೆ ಬೇಕಿತ್ತು. ಎರಡೂ ಒಂದೇ ಊರಲ್ಲಿ ಸಿಗುತ್ತವೆ ಅಂತ ಅಳಿಯ ಫೋನಿನಲ್ಲಿ ನೋಡಿ ಹೇಳಿದ ಮೇಲೆ ಮನೆಯಲ್ಲಿ ಜಗಳ ನಿಂತಿತು.

ನಾನು ವಿಧಾನಸೌಧದಲ್ಲಿ ಕಲಾಪ ಬರೆದುಕೊಳ್ಳುವ ಕೆಲಸ ಮಾಡಿ ರಿಟೈರ್ ಆದವನು. ಶಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದು ಸದನದೊಳಗೆ ಕೂರುವುದು, ಸರದಿ ಮುಗಿದ ಮೇಲೆ ಎದ್ದು ಹೋಗಿ ಅದನ್ನು ಟೈಪ್ ಮಾಡುವುದು, 'ಅದನ್ನು ಕಡತದಿಂದ ತೆಗೆದುಹಾಕಿ' ಅಂತ ಸ್ಪೀಕರ್ ಅಂದರೆ ಆ ಸಾಲು ಹೊಡೆದುಹಾಕುವುದು. ಹಾಗಾಗಿ ಯಾವ ಊರಿಗೆ ಹೋದರೂ ಅಲ್ಲೊಂದು ಸಭೆ ನಡೆದಿತ್ತು ಅಂದರೆ, ಗುಮಾಸ್ತ ಎಲ್ಲಿ ಕೂರುತ್ತಿದ್ದ ಅಂತ ನೋಡುವ ಚಾಳಿ ನನಗೆ. ಮಗಳು ಇರುವುದು ವರ್ಜೀನಿಯಾದ ಉತ್ತರ ತುದಿಯಲ್ಲಿ, ವಾಷಿಂಗ್ಟನ್ ಪಕ್ಕ. ಅಲ್ಲಿಂದ ವಿಲಿಯಮ್ಸ್‌ಬರ್ಗ್ ಸುಮಾರು 150 ಮೈಲಿ. ಮೂರು ಗಂಟೆ ಸಾಕು ಅಂದಿದ್ದರು, ಐದಾಯಿತು. ಹೈವೇ ಪಕ್ಕದ ವಿಶ್ರಾಂತಿ ತಾಣದಲ್ಲಿ ನಿಂತು ಪುಳಿಯೋಗರೆ ಖಾಲಿ ಮಾಡಿದೆವು.

ಊರಿನ ಹಳೇ ಭಾಗಕ್ಕೆ ಒಂದೇ ದೊಡ್ಡ ಬೀದಿ, ಡ್ಯೂಕ್ ಆಫ್ ಗ್ಲಾಸ್ಟರ್ ಸ್ಟ್ರೀಟ್. ಉದ್ದ ಹೆಚ್ಚುಕಮ್ಮಿ ಒಂದು ಮೈಲಿ. ಈ ತುದಿಗೆ ಕಾಲೇಜು, ಆ ತುದಿಗೆ ಶಾಸನಸಭೆಯ ಕಟ್ಟಡ, ಅಂದರೆ ಕ್ಯಾಪಿಟಲ್. ಹಗಲು ಹೊತ್ತು ಕಾರು ಬಿಡುವುದಿಲ್ಲ. ಕುದುರೆಗಾಡಿ, ಹಳೇ ಕಾಲದ ಉಡುಪು ಹಾಕಿಕೊಂಡ ಜನ, ಕಮ್ಮಾರನ ಕುಲುಮೆ. ಜುಲೈ ತಿಂಗಳ ಸೆಕೆ ಮಂಗಳೂರಿನ ಸೆಕೆಗೆ ಏನೂ ಕಡಿಮೆ ಇರಲಿಲ್ಲ. ಅಮೆರಿಕ ಸ್ವತಂತ್ರವಾಗುವ ಮೊದಲು ವರ್ಜೀನಿಯಾ ಬ್ರಿಟಿಷರ ವಸಾಹತು, ಗವರ್ನರ್ ರಾಜನ ಕಡೆಯವನು, ರಾಜಧಾನಿ ಈ ಊರು. ಅದಕ್ಕೂ ಹಿಂದೆ ರಾಜಧಾನಿ ಹತ್ತಿರದ ಜೇಮ್ಸ್‌ಟೌನ್‌ನಲ್ಲಿತ್ತು. ಅಲ್ಲಿ 1619ರ ಜುಲೈ 30ರಂದು ಚರ್ಚಿನೊಳಗೆ ಮೊದಲ ಸಭೆ ಸೇರಿ, ಆರೇ ದಿನಕ್ಕೆ ಬಿಸಿಲು ತಾಳಲಾರದೆ ಮುಗಿಸಿದರಂತೆ, ಅಷ್ಟರಲ್ಲಿ ಒಬ್ಬ ಸದಸ್ಯ ತೀರಿಯೂ ಹೋಗಿದ್ದ. ಆ ಬಿಸಿಲಲ್ಲಿ ನಿಂತು ಕೇಳಿದಾಗ ನಂಬಿಕೆ ಬಂತು. ಆ ಸಭೆಯ ಮುಂದುವರಿಕೆಯೇ ಹೌಸ್ ಆಫ್ ಬರ್ಜೆಸಸ್. ಬರ್ಜೆಸ್ ಅಂದರೆ ಸದಸ್ಯ, ಒಂದೊಂದು ಕೌಂಟಿಗೆ ಇಬ್ಬರು. ವೋಟು ಇದ್ದದ್ದು ಜಮೀನು ಇರುವ ಬಿಳಿ ಗಂಡಸರಿಗೆ ಮಾತ್ರ.

ಕ್ಯಾಪಿಟಲ್ ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಇಟ್ಟಿಗೆ ಕಟ್ಟಡ. ಒಂದು ರೆಕ್ಕೆಯಲ್ಲಿ ಕೆಳಗೆ ಬರ್ಜೆಸ್‌ಗಳ ಸದನ, ಇನ್ನೊಂದರಲ್ಲಿ ಕೋರ್ಟು. ಗವರ್ನರ್ ತನ್ನ ಕೌನ್ಸಿಲ್ ಜೊತೆ ಕೂರುತ್ತಿದ್ದದ್ದು ಮಹಡಿ ಮೇಲೆ. ಸದನ ಚಿಕ್ಕದು, ಎರಡೂ ಕಡೆ ಮರದ ಬೆಂಚು. ಎದುರುಬದುರು ಕೂತರೆ ಪಿಸುಗುಟ್ಟಿದ್ದೂ ಕೇಳುವಷ್ಟು ಹತ್ತಿರ, ಇಲ್ಲಿ ಮೈಕ್ ಕಿತ್ತಾಡುವ ಪ್ರಶ್ನೆಯೇ ಇಲ್ಲ. ಬ್ರಿಟಿಷರ ತೆರಿಗೆ ವಿರುದ್ಧ ಪ್ಯಾಟ್ರಿಕ್ ಹೆನ್ರಿ ಎಂಬ ಸದಸ್ಯ ಇಲ್ಲೇ ನಿಂತು ಗುಡುಗಿದ್ದು ಅಂದುಕೊಂಡು ಬೆಂಚು ಮುಟ್ಟಿ ನೋಡುತ್ತಿದ್ದೆ. ಅಷ್ಟರಲ್ಲಿ ಗೈಡಮ್ಮ ತಣ್ಣೀರು ಎರಚಿದರು. 1705ರಲ್ಲಿ ಮುಗಿದ ಮೊದಲ ಕಟ್ಟಡ 1747ರಲ್ಲಿ ಸುಟ್ಟುಹೋಯಿತು. ಅದೇ ಜಾಗದಲ್ಲಿ ಎರಡನೆಯದು ಕಟ್ಟಿದರು, ದೊಡ್ಡ ಜಗಳಗಳೆಲ್ಲ ನಡೆದದ್ದು ಅದರಲ್ಲಿ, ಅದೂ 1832ರಲ್ಲಿ ಸುಟ್ಟಿತು. ಈಗಿರುವುದು ಕೋಟ್ಯಧೀಶ ರಾಕ್‌ಫೆಲರ್ ದುಡ್ಡಿನಲ್ಲಿ 1934ಕ್ಕೆ ಮುಗಿದ ಹೊಸ ಕಟ್ಟಡ, ಅದೂ ಮೊದಲನೆಯದರ ನಕಲು! ಅದರ ಚಿತ್ರ ಚೆನ್ನಾಗಿ ಸಿಕ್ಕಿತ್ತಂತೆ, ಅದಕ್ಕೆ. ನಾನು ಬೆಂಚಿನಿಂದ ಕೈ ತೆಗೆದೆ.

ಬ್ರಿಟಿಷರಿಗೂ ಈ ಸಭೆಗೂ ಜಗಳ ಶುರುವಾದದ್ದು ಎಲ್ಲಿಂದ ಅಂದರೆ ಒಂದೇ ದಿನ ಅಂತ ಹೇಳಲಾಗುವುದಿಲ್ಲ. ನನಗೆ ಇಷ್ಟವಾದದ್ದು ಫೀಸಿನ ಜಗಳ. 1750ರ ದಶಕದ ಶುರುವಿನಲ್ಲಿ ಡಿನ್‌ವಿಡ್ಡಿ ಅಂತ ಒಬ್ಬ ಗವರ್ನರ್ ಬಂದ. ಜಮೀನಿನ ಪತ್ರಕ್ಕೆ ಸೀಲು ಒತ್ತಲು ಒಂದು ಪಿಸ್ಟೋಲ್ ಕೊಡಿ ಅಂದ. ಪಿಸ್ಟೋಲ್ ಅಂದರೆ ಸ್ಪೇನಿನ ಚಿನ್ನದ ನಾಣ್ಯ. ಸೀಲಿಗೆ ದುಡ್ಡು! ನಮ್ಮ ತಾಲ್ಲೂಕು ಕಚೇರಿ ಹತ್ತಿದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ, ಆದರೆ ಬರ್ಜೆಸ್‌ಗಳು ಕೆರಳಿದರು. ನಾವು ಒಪ್ಪದೆ ನಮ್ಮ ಜೇಬಿಗೆ ಕೈ ಹಾಕಲು ನೀನು ಯಾರು ಅನ್ನುವುದು ಅವರ ವಾದ. 2,500 ಪೌಂಡ್ ಕೊಟ್ಟು ಪೇಟನ್ ರ‍್ಯಾಂಡಲ್ಫ್ ಎಂಬುವನನ್ನು ಲಂಡನ್ನಿಗೆ ಕಳಿಸಿದರು. ಅವನೋ ಅದೇ ಗವರ್ನರ್ ಕೈಕೆಳಗಿನ ಅಟಾರ್ನಿ ಜನರಲ್. ಕೊನೆಗೆ ಲಂಡನ್ ರಾಜಿ ಮಾಡಿತು: ಫೀಸು ಇರಲಿ, 100 ಎಕರೆಗಿಂತ ಚಿಕ್ಕ ಜಮೀನಿಗೆ ಬೇಡ.

ಹತ್ತು ವರ್ಷ ಕಳೆದು ಸ್ಟಾಂಪ್ ಆ್ಯಕ್ಟ್ ಬಂತು, ಕಾಗದಪತ್ರಗಳಿಗೆಲ್ಲ ತೆರಿಗೆ ಹಾಕುವ ಕಾನೂನು. ಈ ಸಲ ಕೈ ಹಾಕಿದ್ದು ಬ್ರಿಟನ್ನಿನ ಸಂಸತ್ತು. 1765ರ ಮೇ ಕೊನೆ, ಅಧಿವೇಶನ ಮುಗಿಯುತ್ತಾ ಬಂದಿತ್ತು, ಬಹಳ ಜನ ಊರಿಗೆ ಹೋಗಿಯಾಗಿತ್ತು. 116 ಜನರಲ್ಲಿ ಉಳಿದಿದ್ದವರು ಸುಮಾರು 39. (ಕೊನೆ ದಿನಗಳ ಸದನ ಹೇಗಿರುತ್ತದೆ ಅಂತ ನನಗೆ ಗೊತ್ತು, ಖಾಲಿ ಕುರ್ಚಿಗಳಿಗೆ ಭಾಷಣ.) ಆಗ ಎದ್ದು ನಿಂತವನು ಪ್ಯಾಟ್ರಿಕ್ ಹೆನ್ರಿ, ಅವತ್ತಿಗೆ ಸರಿಯಾಗಿ 29 ತುಂಬಿದ ಹೊಸ ಸದಸ್ಯ. ಸೀಸರನನ್ನು ಕೊಲ್ಲಲು ಬ್ರೂಟಸ್ ಇದ್ದ, ಮೊದಲನೇ ಚಾರ್ಲ್ಸ್ ದೊರೆಯ ತಲೆ ತೆಗೆಸಲು ಕ್ರಾಮ್‌ವೆಲ್ ಇದ್ದ, ಈಗಿನ ದೊರೆ ಮೂರನೇ ಜಾರ್ಜ್ ಅದರಿಂದ ಪಾಠ ಕಲಿಯಲಿ ಅನ್ನುವ ಧಾಟಿಯಲ್ಲಿ ಮಾತಾಡಿದನಂತೆ. ದ್ರೋಹ, ದ್ರೋಹ ಅಂತ ಕೂಗೆದ್ದಿತು. ಅವನು ಬಗ್ಗಲಿಲ್ಲ ಅಂತ ಎಲ್ಲ ಕಡೆ ಬರೆದಿದೆ. ಆದರೆ ಆ ಭಾಷಣ ನಮಗೆ ಸಿಕ್ಕಿರುವುದು 1817ರಲ್ಲಿ ಬಂದ ಜೀವನಚರಿತ್ರೆಯಿಂದ. ಸದನದ ನಡಾವಳಿಯಲ್ಲಿ ನಿರ್ಣಯಗಳಷ್ಟೇ ಇವೆ, ಭಾಷಣ ಬರೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ಆಗ ಅಲ್ಲಿದ್ದ ಒಬ್ಬ ಫ್ರೆಂಚ್ ಪ್ರವಾಸಿಯ ಡೈರಿ 1921ರಲ್ಲಿ ಬೆಳಕಿಗೆ ಬಂತು. ಅದರ ಪ್ರಕಾರ ಹೆನ್ರಿ ತಕ್ಷಣ ಕ್ಷಮೆ ಕೇಳಿದ! ನಮ್ಮ ಶಾಖೆಯವನೊಬ್ಬ ಅಲ್ಲಿದ್ದಿದ್ದರೆ ಈ ತಕರಾರೇ ಇರುತ್ತಿರಲಿಲ್ಲ ಅಲ್ವಾ?

ಮುಂದಿನದು ಇನ್ನೂ ಮಜಾ. ವರ್ಜೀನಿಯಾದವರಿಗೆ ತೆರಿಗೆ ಹಾಕುವ ಹಕ್ಕು ಇಲ್ಲಿನ ಸಭೆಗೆ ಮಾತ್ರ ಅನ್ನುವ ಐದನೇ ನಿರ್ಣಯ ಒಂದೇ ವೋಟಿನಲ್ಲಿ ಪಾಸಾಯಿತು. ಆ ಒಂದು ವೋಟಿಗೆ 500 ಗಿನಿ ನಾಣ್ಯ ಕೊಡುತ್ತಿದ್ದೆ ಅಂತ ರ‍್ಯಾಂಡಲ್ಫ್ ಬೈದುಕೊಂಡು ಹೊರಗೆ ಬಂದದ್ದನ್ನು ಬಾಗಿಲಲ್ಲಿ ನಿಂತಿದ್ದ 22 ವರ್ಷದ ಹುಡುಗನೊಬ್ಬ ಕೇಳಿಸಿಕೊಂಡ. ಕಾನೂನು ಓದುತ್ತಿದ್ದ ಆ ಹುಡುಗ ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್. ಮಾರನೇ ದಿನ ಹೆನ್ರಿ ಊರಿಗೆ ಹೊರಟಿದ್ದೇ ತಡ, ಉಳಿದವರು ಸೇರಿ ಆ ನಿರ್ಣಯವನ್ನು ಕಡತದಿಂದ ತೆಗೆದುಹಾಕಿದರು. ಏನು ಪ್ರಯೋಜನ? ಬೇರೆ ವಸಾಹತುಗಳ ಪತ್ರಿಕೆಗಳು ಅದನ್ನೂ, ಪಾಸೇ ಆಗದ ನಿರ್ಣಯಗಳನ್ನೂ ಸೇರಿಸಿ ಅಚ್ಚು ಹಾಕಿದವು. ಓದಿದವರು ವರ್ಜೀನಿಯಾ ಇಷ್ಟೆಲ್ಲ ಹೇಳಿಬಿಟ್ಟಿತಾ ಅಂತ ಧೈರ್ಯ ತಂದುಕೊಂಡರು. ಗವರ್ನರ್ ಫೌಕಿಯರ್ ಜೂನ್ 1ರಂದು ಸಭೆ ವಿಸರ್ಜಿಸಿದ. ಕಡತದಿಂದ ತೆಗೆದ ಮಾತು ಮರುದಿನದ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುವುದನ್ನು ನಾನು ಎಷ್ಟು ಸಲ ನೋಡಿಲ್ಲ!

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ರ‍್ಯಾಲೆ ಟ್ಯಾವರ್ನ್. ಊಟ, ಕುಡಿತ, ಮಲಗುವ ಕೋಣೆ ಎಲ್ಲ ಇದ್ದ ಛತ್ರದಂಥ ಜಾಗ. ಇದೂ 1859ರಲ್ಲಿ ಸುಟ್ಟು ಮತ್ತೆ ಕಟ್ಟಿದ್ದೇ. ಈ ಊರಿನಲ್ಲಿ ಬೆಂಕಿಗೆ ಸಿಗದಿರುವುದು ಯಾವುದು ಅಂತ ಮಗಳು ಕೇಳಿದಳು. 1769ರಲ್ಲಿ ತೆರಿಗೆ ಹಾಕುವ ಹಕ್ಕು ತಮ್ಮದೇ ಅಂತ ಸಭೆ ಮತ್ತೆ ನಿರ್ಣಯ ಮಾಡಿತು. ಮೇ 17ರಂದು ಗವರ್ನರ್ ಬಾಟಟಾರ್ಟ್ ಸದಸ್ಯರನ್ನೆಲ್ಲ ಮಹಡಿಗೆ ಕರೆಸಿದ. ನಿಮ್ಮ ನಿರ್ಣಯ ಕೇಳಿದೆ, ಇದರಿಂದ ಒಳ್ಳೆಯದಾಗುವಂತೆ ಕಾಣೆ, ನಿಮ್ಮನ್ನು ವಿಸರ್ಜಿಸುವುದು ನನ್ನ ಕರ್ತವ್ಯ, ವಿಸರ್ಜಿಸಿದ್ದೇನೆ ಅಂದ. ಅಷ್ಟೇ, ಎರಡು ಸಾಲು. ಇವರು ಮೆಟ್ಟಿಲಿಳಿದು ನೇರ ಇಲ್ಲಿಗೆ ಬಂದು, ಇದರ ಅಪೋಲೋ ಕೋಣೆಯಲ್ಲಿ ಅದೇ ರ‍್ಯಾಂಡಲ್ಫನನ್ನು ಮುಂದೆ ಕೂರಿಸಿಕೊಂಡು, ಬ್ರಿಟನ್ನಿನ ಮಾಲು ತರಿಸುವುದಿಲ್ಲ ಅಂತ ಮರುದಿನ ಸಹಿ ಹಾಕಿದರು. ಸಹಿ ಆದ ಮೇಲೆ ರಾಜನ ಆರೋಗ್ಯಕ್ಕೆ ಅಂತ ಕುಡಿದರು, ಮುಚ್ಚಿಸಿದ ಗವರ್ನರ್ ಆರೋಗ್ಯಕ್ಕೂ ಕುಡಿದರು! ಮರುವರ್ಷ ಆತ ತೀರಿಕೊಂಡಾಗ ಇಂಗ್ಲೆಂಡಿನಿಂದ ಅಮೃತಶಿಲೆಯ ಪ್ರತಿಮೆ ತರಿಸಿ ನಿಲ್ಲಿಸಿದರು. ಮೂಲ ಈಗ ಕಾಲೇಜಿನ ಲೈಬ್ರರಿಯಲ್ಲಿದೆ. ಹೊರಗಿರುವ ಕಂಚಿನದು ನಕಲು.

1774ರಲ್ಲಿ ಇದೇ ನಾಟಕದ ಎರಡನೇ ಆಟ. ಬ್ರಿಟನ್ ಬಾಸ್ಟನ್ ಬಂದರು ಮುಚ್ಚಿದ್ದಕ್ಕೆ ಜೂನ್ 1ರಂದು ಉಪವಾಸ, ಪ್ರಾರ್ಥನೆ ಅಂತ ಬರ್ಜೆಸ್‌ಗಳು ನಿರ್ಣಯ ಮಾಡಿದರು. ಹೊಸ ಗವರ್ನರ್ ಡನ್‌ಮೋರ್ ಮೇ 26ರಂದು ಆ ಕಾಗದ ಕೈಯಲ್ಲಿ ಹಿಡಿದುಕೊಂಡೇ ಸಭೆ ಮುಚ್ಚಿದ. ಅವತ್ತು ಬೆಳಿಗ್ಗೆ, ತಾನೂ ಬರ್ಜೆಸ್ ಆಗಿದ್ದ ಜಾರ್ಜ್ ವಾಷಿಂಗ್ಟನ್ ತಿಂಡಿ ತಿಂದದ್ದು ಅದೇ ಡನ್‌ಮೋರ್ ತೋಟದಲ್ಲಿ. ಮರುದಿನ 89 ಜನ ಮತ್ತೆ ರ‍್ಯಾಲೆಯಲ್ಲಿ ಸೇರಿ, ಎಲ್ಲ ವಸಾಹತುಗಳೂ ಒಟ್ಟಿಗೆ ಕೂತು ಮಾತಾಡಬೇಕು ಅಂದರು. ಅವತ್ತೇ ರಾತ್ರಿ ಲೇಡಿ ಡನ್‌ಮೋರ್ ಗೌರವಕ್ಕೆ ಬರ್ಜೆಸ್‌ಗಳು ಕೊಡಬೇಕಿದ್ದ ನೃತ್ಯಕೂಟ ಇತ್ತು. ನಿಲ್ಲಿಸಲಿಲ್ಲ. ಕೊಟ್ಟರು, ಕುಣಿದರು. ಸದನದಲ್ಲಿ ಕಾಗದ ಹರಿದು ಎಸೆದವರು ಸಂಜೆ ಒಂದೇ ಮದುವೆ ರಿಸೆಪ್ಶನ್ನಿನಲ್ಲಿ ಪಕ್ಕಪಕ್ಕ ಕೂತು ಉಣ್ಣುವುದನ್ನು ಕಂಡವನಾದ್ದರಿಂದ ನನಗೆ ಆಶ್ಚರ್ಯ ಆಗಲಿಲ್ಲ, ಮಗಳಿಗೆ ಆಯಿತು.

ಒಂದು ಮಾತು. ಈ ಸ್ವಾತಂತ್ರ್ಯದ ಊರಿನಲ್ಲಿ ಆಗ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗುಲಾಮರಾಗಿದ್ದ ಕಪ್ಪು ಜನ. ಆ ನೃತ್ಯಕೂಟಗಳಲ್ಲಿ ತಟ್ಟೆ ಎತ್ತಿದವರು, ಪ್ಯಾಟ್ರಿಕ್ ಹೆನ್ರಿಯ ಹೊಲ ಉತ್ತವರು ಅವರೇ. 1775ರ ನವೆಂಬರಿನಲ್ಲಿ ಡನ್‌ಮೋರ್, ಬಂಡಾಯದವರ ಗುಲಾಮರು ಬಂದು ನನ್ನ ಪಡೆ ಸೇರಿದರೆ ಬಿಡುಗಡೆ ಅಂದ. ಪ್ರೀತಿಯಿಂದಲ್ಲ, ಅವನಿಗೆ ಸೈನಿಕರು ಬೇಕಿತ್ತು. ಆದರೂ ನೂರಾರು ಜನ ಓಡಿ ಹೋದರು.

ಎರಡನೇ ದಿನ ಅಳಿಯ, ಮೊಮ್ಮಗ ರೋಲರ್ ಕೋಸ್ಟರ್ ಇರುವ ಬುಶ್ ಗಾರ್ಡನ್ಸ್‌ಗೆ ಹೋದರು. ನಾನು, ಮಗಳು ಯಾರ್ಕ್‌ಟೌನ್ ಕಡೆ ಹೊರಟೆವು, ಹನ್ನೆರಡು ಮೈಲಿ ಇರಬಹುದು. ಹೋಗುವ ಮೊದಲು ಕೋವಿಮದ್ದಿನ ಮನೆ ನೋಡಿದೆವು. ಎಂಟು ಮೂಲೆಯ ಇಟ್ಟಿಗೆ ಕಟ್ಟಡ, ಇದು 1715ರ ಅಸಲಿ! ಈ ಸಲ ಗೋಡೆ ಧೈರ್ಯವಾಗಿ ಮುಟ್ಟಿದೆ. 1775ರ ಏಪ್ರಿಲ್ 21ರ ನಸುಕಿನಲ್ಲಿ ಡನ್‌ಮೋರ್ ಇಲ್ಲಿಂದ ಹದಿನೈದು ಅರೆ ಪೀಪಾಯಿ ಮದ್ದು ಕದ್ದು ಹಡಗಿಗೆ ಸಾಗಿಸಿದ. ಊರು ದಂಗೆ ಎದ್ದಿತು. ಜೂನ್ 8ಕ್ಕೆ ಅವನೇ ಮನೆ ಬಿಟ್ಟು ಯಾರ್ಕ್‌ಟೌನ್‌ನಲ್ಲಿದ್ದ ಫೌಯಿ ಎಂಬ ಯುದ್ಧನೌಕೆ ಹತ್ತಿದ.

ಯಾರ್ಕ್‌ಟೌನ್‌ಗೆ ಎಲ್ಲರೂ ಬರುವುದು 1781ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದ ಬಯಲು ನೋಡಲು. ಶರಣಾಗತಿಯ ದಿನ ಮೈಗೆ ಹುಷಾರಿಲ್ಲ ಅಂತ ಹೇಳಿ ತನ್ನ ಕೈಕೆಳಗಿನವನನ್ನು ಕಳಿಸಿದ ಪುಣ್ಯಾತ್ಮ ಹತ್ತು ವರ್ಷಕ್ಕೆ ನಮ್ಮ ಬೆಂಗಳೂರು ಕೋಟೆ ಒಡೆದ, ಮಾರನೇ ವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ. ಮಾರ್ಕೆಟ್ ಹತ್ತಿರದ ಕೋಟೆ ಗೋಡೆಯಲ್ಲಿ ಕೋಟೆ ಒಡೆದದ್ದನ್ನು ಬರೆದ ಕಲ್ಲು ಇದೆ, ದಿನಾ ಬಸ್ಸಿಗೆ ಕಾಯುತ್ತಾ ನೋಡಿದವನು ನಾನು.

ಆದರೆ ನನಗೆ ಬೇಕಿದ್ದದ್ದು ನದಿ. ಡನ್‌ಮೋರ್ ಹಡಗಿನಲ್ಲಿ ಕೂತ ಮೇಲೂ ಸಭೆ ನಡೆಯುತ್ತಲೇ ಇತ್ತು, ಮಸೂದೆಗಳು ಪಾಸಾಗುತ್ತಲೇ ಇದ್ದವು. ಗವರ್ನರ್ ಸಹಿ ಇಲ್ಲದೆ ಅವು ಕಾನೂನಾಗುವುದಿಲ್ಲ. ಹಡಗಿಗೆ ಬನ್ನಿ, ಇಲ್ಲೇ ಸಹಿ ಹಾಕುತ್ತೇನೆ ಅಂತ ಅವನು ಹೇಳಿ ಕಳಿಸಿದ. ಫಿರಂಗಿ ತುಂಬಿದ ಹಡಗಿಗೆ ಫೈಲು ಹಿಡಿದು ಹೋಗುವುದೇ? ನಮ್ಮನ್ನು ಹಾಗೆ ಕರೆಯುವುದೇ ಸದನದ ಹಕ್ಕುಚ್ಯುತಿ ಅಂತ ಇವರು ಉತ್ತರ ಬರೆದರು. ಸಹಿ ಬೀಳಲಿಲ್ಲ. ಆಮೇಲೆ ಸೇರಿದಾಗಲೆಲ್ಲ ಕೋರಂ ಆಗಲಿಲ್ಲ. 1776ರ ಮೇ 6ರಂದು ಬಂದ ಕೆಲವರು ಮುಂದಕ್ಕೆ ಹಾಕದೆ ಹಾಗೇ ಎದ್ದರು. ನಡಾವಳಿ ಪುಸ್ತಕದ ಆ ಕೊನೇ ಪುಟದಲ್ಲಿ ಗುಮಾಸ್ತ ದೊಡ್ಡಕ್ಷರದಲ್ಲಿ 'ಫಿನಿಸ್' ಅಂತ ಬರೆದ, ಮುಗಿಯಿತು ಅಂತ. 157 ವರ್ಷದ ಸಭೆ.

ಆ ಪದ ಬರೆದು ಮಸಿ ಆರುವ ತನಕ ಅವನು ಏನು ಮಾಡಿರಬಹುದು ಅಂತ ಯೋಚಿಸುತ್ತಾ ದಡದ ಬೆಂಚಿನ ಮೇಲೆ ಕೂತಿದ್ದೆ. ಅಳಿಯನ ಫೋನ್ ಬಂತು. ಮೊಮ್ಮಗ ಮೂರನೇ ಸಲ ರೋಲರ್ ಕೋಸ್ಟರ್ ಹತ್ತಿ ವಾಂತಿ ಮಾಡಿಕೊಂಡಿದ್ದಾನೆ, ಬೇಗ ಬನ್ನಿ ಅಂತ.