ಸರ್ಕಾರದ ಮುದ್ರೆ ಬಿದ್ದ ಸೈಬರ್ ಭದ್ರತಾ ಪದವಿ

ಅಮೆರಿಕದಲ್ಲಿ ಸೈಬರ್ ಭದ್ರತೆಯ ಎಂ.ಎಸ್. ಓದಬೇಕೆಂದಿರುವ ನಮ್ಮ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಗಳ ಪಟ್ಟಿ ಹಿಡಿದು ಬಂದಾಗ, ಅಲ್ಲಿನ ರಾಷ್ಟ್ರೀಯ ಭದ್ರತಾ ಸಂಸ್ಥೆಯಾದ ಎನ್‌ಎಸ್‌ಎ ಮಾನ್ಯತೆ ಇರುವ ಹೆಸರುಗಳಿಗೆ ಮೊದಲೇ ಗುರುತು ಹಾಕಿಕೊಂಡಿರುತ್ತಾರೆ. ಆ ಮಾನ್ಯತೆಗೆ ಬೆಲೆಯಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಯಾವುದಕ್ಕೆ ಖಾತರಿ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ತಿಳಿಯದೆ ಮನೆಯವರು ಸಾಲ ಮಾಡಿ ಹೊಂದಿಸಿದ ಹಣವನ್ನು ಅಲ್ಲಿ ಹಾಕಬಾರದು.

1999ರಲ್ಲಿ ಎನ್‌ಎಸ್‌ಎ ಮೊದಲ ಬಾರಿಗೆ ಏಳು ವಿಶ್ವವಿದ್ಯಾಲಯಗಳಿಗೆ ಈ ಮಾನ್ಯತೆ ನೀಡಿತು. ಇಂದು ಅಂಥ ಸಂಸ್ಥೆಗಳು 400ಕ್ಕೂ ಹೆಚ್ಚಿದ್ದು, ಎರಡು ವರ್ಷದ ಕೋರ್ಸು ನಡೆಸುವ ಕಮ್ಯುನಿಟಿ ಕಾಲೇಜುಗಳಿಂದ ಹಿಡಿದು ಪಿಎಚ್‌.ಡಿ. ಕೊಡುವ ವಿಶ್ವವಿದ್ಯಾಲಯಗಳವರೆಗೆ ಎಲ್ಲವೂ ಆ ಪಟ್ಟಿಯಲ್ಲಿವೆ. ಮೊದಲ ಏಳರಲ್ಲೇ ಇದ್ದ ಪರ್ಡ್ಯೂ ವಿಶ್ವವಿದ್ಯಾಲಯ ಮುಂದೆ ತಾನಾಗಿಯೇ ಮಾನ್ಯತೆಯನ್ನು ನವೀಕರಿಸದೆ ಬಿಟ್ಟಿತು. ಅಲ್ಲಿನ ಪ್ರಾಧ್ಯಾಪಕ ಜೀನ್ ಸ್ಪಾಫರ್ಡ್, ಅರ್ಹತೆಯ ಮಟ್ಟ ತೀರಾ ಕೆಳಗಿದೆ ಎಂದು ಬಹಿರಂಗವಾಗಿಯೇ ಆಕ್ಷೇಪಿಸಿದ್ದರು. ಆ ಆಕ್ಷೇಪವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ದೊಡ್ಡ ಹೆಸರಿಲ್ಲದ ಊರಿನ ಕಾಲೇಜೊಂದು ಪಠ್ಯಕ್ರಮವನ್ನು ಸರಿಪಡಿಸಿಕೊಳ್ಳಲು, ಆಡಳಿತ ಮಂಡಳಿಯಿಂದ ಅಧ್ಯಾಪಕರ ಹುದ್ದೆ ಕೇಳಿ ಪಡೆಯಲು ಇಂಥ ಕನಿಷ್ಠ ಮಟ್ಟವೇ ಆಧಾರವಾಗುತ್ತದೆ.

ನಮ್ಮವರು ಗಮನಿಸದೇ ಬಿಡುವುದು ಮಾನ್ಯತೆಯ ಒಳವಿಂಗಡಣೆಯನ್ನು. ಸೈಬರ್ ರಕ್ಷಣೆಯ ವಿಭಾಗದಲ್ಲಿ ಮೂರು ಬುನಾದಿ ಪಠ್ಯ ಘಟಕಗಳು ಎಲ್ಲರಿಗೂ ಕಡ್ಡಾಯ. ಅದರ ಮೇಲೆ ಸಂಸ್ಥೆಯು ತಾಂತ್ರಿಕ ಗುಂಪನ್ನೋ ತಾಂತ್ರಿಕೇತರ ಗುಂಪನ್ನೋ ಆರಿಸಿಕೊಳ್ಳಬಹುದು. ಗೂಢಲಿಪಿ ವಿದ್ಯೆಯಾದ ಕ್ರಿಪ್ಟೋಗ್ರಫಿ, ನೆಟ್‌ವರ್ಕಿಂಗ್, ಪ್ರೋಗ್ರಾಮಿಂಗ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್ ರಕ್ಷಣೆ ಮೊದಲನೆಯ ಗುಂಪಿಗೆ ಸೇರಿದರೆ, ಅಪಾಯದ ವಿಶ್ಲೇಷಣೆ, ಕಾನೂನು ಮತ್ತು ನೀತಿ, ಭದ್ರತಾ ಯೋಜನೆಯ ನಿರ್ವಹಣೆ ಎರಡನೆಯದಕ್ಕೆ ಸೇರುತ್ತವೆ. ಎರಡೂ ಬೇಕಾದ ವಿದ್ಯೆಗಳೇ. ಆದರೆ ಹಾನಿಕಾರಕ ತಂತ್ರಾಂಶವಾದ ಮಾಲ್‌ವೇರ್ ಬಿಚ್ಚಿ ನೋಡುವ ಆಸೆಯಿಂದ ಹೋದ ಹುಡುಗಿ ಎರಡು ವರ್ಷ ಭದ್ರತಾ ತಪಾಸಣೆಯ ವರದಿ ಬರೆಯುವುದನ್ನು ಕಲಿತು ಬಂದರೆ, ತಪ್ಪು ಮುದ್ರೆಯದಲ್ಲ, ಅದರ ಕೆಳಗಿನ ವಿವರವನ್ನು ಅವಳಿಗೆ ಯಾರೂ ಓದಿಸಲಿಲ್ಲ ಎಂಬುದು. ಅಂಥವಳು ನೋಡಬೇಕಾದದ್ದು ಸೈಬರ್ ಕಾರ್ಯಾಚರಣೆಗಳ ಪ್ರತ್ಯೇಕ ಮಾನ್ಯತೆಯನ್ನು. ಅದಕ್ಕೆ ಯಂತ್ರಕ್ಕೆ ಹತ್ತಿರವಾದ ಅಸೆಂಬ್ಲಿ ಮತ್ತು ಸಿ ಭಾಷೆಯ ಮಟ್ಟದ ಪ್ರೋಗ್ರಾಮಿಂಗ್, ಸಿದ್ಧ ತಂತ್ರಾಂಶವನ್ನು ಬಿಡಿಸಿ ಅದರ ಒಳರಚನೆ ಅರಿಯುವ ರಿವರ್ಸ್ ಎಂಜಿನಿಯರಿಂಗ್ ಕಡ್ಡಾಯ. 2012ರಲ್ಲಿ ಅದನ್ನು ಮೊದಲು ಪಡೆದ ನಾಲ್ಕು ಸಂಸ್ಥೆಗಳಲ್ಲಿ ಸೌತ್ ಡಕೋಟಾ ರಾಜ್ಯದ ಮ್ಯಾಡಿಸನ್ ಎಂಬ ಪುಟ್ಟ ಊರಿನ ಡಕೋಟಾ ಸ್ಟೇಟ್ ವಿಶ್ವವಿದ್ಯಾಲಯವೂ ಒಂದು. ರ‍್ಯಾಂಕಿಂಗ್ ಪಟ್ಟಿಯನ್ನಷ್ಟೇ ನೋಡುವವರ ಕಣ್ಣಿಗೆ ಆ ಹೆಸರು ಬೀಳುವುದೇ ಇಲ್ಲ.

ಹಣದ ವಿಷಯದಲ್ಲೂ ಸ್ಪಷ್ಟತೆ ಬೇಕು. ಓದಿನ ಖರ್ಚು ಭರಿಸಿ, ಪ್ರತಿಯಾಗಿ ಸರ್ಕಾರಿ ಸೇವೆಯನ್ನು ಕೇಳುವ ಸೈಬರ್‌ಕೋರ್ ವಿದ್ಯಾರ್ಥಿವೇತನ ಅಮೆರಿಕದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಆ ಬಾಗಿಲು ಮುಚ್ಚಿದೆ. ಭದ್ರತಾ ಅನುಮತಿ ಬೇಡುವ ಸರ್ಕಾರಿ ಕೆಲಸಗಳೂ ಹಾಗೆಯೇ. ಅವರ ಪಾಲಿಗೆ ಉಳಿಯುವುದು ಪಠ್ಯಕ್ರಮದ ಗುಣ ಒಂದೇ.

ನಮ್ಮ ದೇಶದ ದಾರಿ ಬೇರೆಯಾಗಿತ್ತು. 2005ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಾಹಿತಿ ಭದ್ರತಾ ಶಿಕ್ಷಣ ಮತ್ತು ಜಾಗೃತಿ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್‌ನ ಎನ್‌ಐಟಿಕೆ ಮುಂತಾದವು ಪಾಲ್ಗೊಂಡವು. ದೊಡ್ಡ ಸಂಸ್ಥೆಗಳು ಉಳಿದ ಕಾಲೇಜುಗಳ ಅಧ್ಯಾಪಕರನ್ನು ತಯಾರು ಮಾಡುವುದು ಅದರ ಮುಖ್ಯ ಅಂಗವಾಗಿತ್ತು. ನನ್ನ ಮಟ್ಟಿಗೆ ಇದೇ ಹೆಚ್ಚು ಬೆಲೆಯುಳ್ಳ ಬೆಂಬಲ, ಏಕೆಂದರೆ ಕಲಿಸುವವರಿಲ್ಲದೆ ಯಾವ ಪಠ್ಯಕ್ರಮವೂ ತರಗತಿಯನ್ನು ತಲುಪುವುದಿಲ್ಲ. ಈಗ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೈಬರ್ ಸೆಕ್ಯುರಿಟಿ ಹೆಸರಿನ ಬಿ.ಇ. ಶಾಖೆಗಳು ಸಾಲಾಗಿ ತೆರೆಯುತ್ತಿವೆ. ಸೀಟುಗಳಿಗೆ ಅನುಮತಿ ನೀಡುವ ಮೊದಲು, ಅಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಒಳಗನ್ನು ಬಲ್ಲ ಅಧ್ಯಾಪಕರು ಎಷ್ಟಿದ್ದಾರೆ, ಕಾಲೇಜಿನ ನೆಟ್‌ವರ್ಕಿನಿಂದ ಬೇರ್ಪಡಿಸಿದ ಪ್ರಯೋಗಾಲಯ ಇದೆಯೇ ಎಂಬುದನ್ನು ಪರಿಶೀಲನಾ ಸಮಿತಿ ಖುದ್ದಾಗಿ ನೋಡಬೇಕು.