ಆ ಪೋಸ್ಟರಿನಲ್ಲಿರುವವಳು ರೋಸಿ ಅಲ್ಲ

‘ತಲೆಗೆ ಕೆಂಪು ಚುಕ್ಕಿಬಟ್ಟೆ ಕಟ್ಟಿ ತೋಳು ಮಡಚಿ ನಿಂತಿದ್ದಾಳಲ್ಲ, ಆ ರೋಸಿ ದ ರಿವೆಟರ್ ನಿಜವಾಗಿ ಯಾರು? ಎರಡನೇ ಮಹಾಯುದ್ಧದಲ್ಲಿ ಅವಳನ್ನು ತೋರಿಸಿಯೇ ಅಮೆರಿಕ ಸರ್ಕಾರ ಹೆಂಗಸರನ್ನು ಕಾರ್ಖಾನೆಗೆ ಕರೆಯಿತಂತೆ?’

ಇಲ್ಲ. ಅದು ಸರ್ಕಾರದ ಪೋಸ್ಟರೇ ಅಲ್ಲ. ಪಿಟ್ಸ್‌ಬರ್ಗಿನ ಕಲಾವಿದ ಜೆ. ಹೊವಾರ್ಡ್ ಮಿಲ್ಲರ್ ಅದನ್ನು ವೆಸ್ಟಿಂಗ್‌ಹೌಸ್ ಕಂಪನಿಗೆ ಬರೆದುಕೊಟ್ಟದ್ದು. ಎಷ್ಟು ದಿನ ಹಾಕಬೇಕೆಂಬುದು ಅದರ ಎಡಗಡೆ ಕೆಳಮೂಲೆಯಲ್ಲೇ ಅಚ್ಚಾಗಿದೆ: ಫೆಬ್ರವರಿ 15ರಿಂದ 28. ಇಸವಿ 1943. 17 ಇಂಚು ಅಗಲ, 22 ಇಂಚು ಎತ್ತರದ ಸುಮಾರು 1,800 ಪ್ರತಿಗಳು ಆ ಕಂಪನಿಯ ಕಾರ್ಖಾನೆಗಳ ಒಳಗೆ ಎರಡು ವಾರ ಇದ್ದವು, ಅಷ್ಟೆ. ನೋಡಿದವರೆಲ್ಲ ಆಗಲೇ ಕೆಲಸದಲ್ಲಿದ್ದವರು. ಅವರು ಗೈರುಹಾಜರಾಗಬಾರದು, ಮುಷ್ಕರ ಹೂಡಬಾರದು ಎಂಬುದು ಕಂಪನಿಯ ಕಾಳಜಿ.

ರೋಸಿ ಬೇರೆ. ನಾರ್ಮನ್ ರಾಕ್‌ವೆಲ್ ಬರೆದ ರೋಸಿ 1943ರ ಮೇ 29ರ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯ ಮುಖಪುಟದಲ್ಲಿದ್ದಾಳೆ. ಅವಳ ತೊಡೆಯ ಮೇಲೆ ರಿವೆಟ್ (ತಗಡುಗಳನ್ನು ಸೇರಿಸಿ ಹಿಡಿಯುವ ಲೋಹದ ಮೊಳೆ) ಬಡಿಯುವ ಗನ್ ಇದೆ, ಊಟದ ಡಬ್ಬಿಯ ಮೇಲೆ ಹೆಸರಿದೆ. ಮಿಲ್ಲರ್ ಚಿತ್ರಕ್ಕೆ ಆ ಹೆಸರು ಅಂಟಿಕೊಂಡದ್ದು 1980ರ ದಶಕದಿಂದೀಚೆಗೆ. ಮಿಲ್ಲರ್ ಯಾರನ್ನು ನೋಡಿ ಬರೆದರು ಎಂಬುದಕ್ಕೆ ದಾಖಲೆಯಿಲ್ಲ. ಪ್ರೇರಣೆ ಎನ್ನಲಾಗುವ 1942ರ ಫೋಟೊದಲ್ಲಿ ಲೋಹ ಕಡೆಯುವ ಯಂತ್ರವಾದ ಲೇತ್ ಮುಂದೆ ಬಗ್ಗಿರುವವರು ಅಲಮೀಡಾ ನೌಕಾ ವಿಮಾನನೆಲೆಯ ನಯೋಮಿ ಪಾರ್ಕರ್. ಬಹುಕಾಲ ಬೇರೊಬ್ಬರ ಹೆಸರು ಓಡಾಡುತ್ತಿತ್ತು, ಪ್ರೊಫೆಸರ್ ಜೇಮ್ಸ್ ಕಿಂಬಲ್ ಆ ಫೋಟೊದ ಮೂಲ ಶೀರ್ಷಿಕೆ ಹುಡುಕಿ ಸರಿಪಡಿಸಿದರು.

ಮುಖ ಯಾರದೆಂದು ಎಲ್ಲರೂ ಕೇಳುತ್ತಾರೆ. ಆ ಹೆಂಗಸರ ಕೈಗೆ ಏನು ಗೊತ್ತಿತ್ತು ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿ.

ವಿಮಾನದ ರಿವೆಟಿಗೆ ಇಬ್ಬರು ಬೇಕು. ಹೊರಗೆ ಗನ್ ಹಿಡಿದವಳು, ಒಳಗೆ ರಿವೆಟಿನ ಬಾಲಕ್ಕೆ, ಅಂದರೆ ತಲೆಯಿಲ್ಲದ ತುದಿಗೆ, ಬಕಿಂಗ್ ಬಾರ್ ಎಂಬ ಉಕ್ಕಿನ ತುಂಡು ಒತ್ತಿ ಹಿಡಿದವಳು. ತೂತು ಕೊರೆದ ಮೇಲೆ ಅಂಚಿನಲ್ಲಿ ಎದ್ದ ಒರಟು ಚೂರನ್ನು (ಬರ್) ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಎರಡು ತಗಡಿನ ನಡುವೆ ಸಂದಿ ಉಳಿಯುತ್ತದೆ. 1/8 ಇಂಚು ದಪ್ಪದ ರಿವೆಟಾದರೆ ಬಾಲ 3/16 ಇಂಚು ಹೊರಗಿರಬೇಕು. ಬಡಿದ ಮೇಲೆ ಆ ಬಾಲ 3/16 ಇಂಚು ಅಗಲ, 1/16 ಇಂಚು ಎತ್ತರದ ತಲೆಯಾಗಬೇಕು. ಬಾರ್ ಓರೆಯಾದರೆ ತಲೆ ಒಂದು ಕಡೆಗೆ ಜಾರುತ್ತದೆ. ಗನ್ ಓರೆಯಾದರೆ ಹೊರಗಿನ ತಗಡಿನ ಮೇಲೆ ಅರ್ಧಚಂದ್ರದ ಗಾಯವಾಗುತ್ತದೆ. ಅತಿಯಾಗಿ ಬಡಿದರೆ ತಲೆ ಸೀಳುತ್ತದೆ.

ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಒಳಗಿನವಳು ತಟ್ಟಿಯೇ ಹೇಳಬೇಕು. ಒಂದು ತಟ್ಟು: ಇನ್ನೂ ಹೊಡಿ. ಎರಡು: ಸರಿಯಾಯಿತು. ಮೂರು: ಕೆಟ್ಟಿತು, ತೆಗಿ. ತೆಗೆಯುವಾಗ ಹೊರಗಿನ ತಲೆಯ ನಟ್ಟನಡುವೆ ಗುರುತು ಹೊಡೆದು, ಆ ತಲೆ ಎಷ್ಟು ದಪ್ಪವೋ ಅಷ್ಟೇ ಆಳ ಕೊರೆದು, ತಲೆ ಮುರಿದು, ಉಳಿದ ಕಡ್ಡಿಯನ್ನು ಪಂಚಿನಿಂದ ಹೊರಗೆ ತಳ್ಳಬೇಕು. ಡ್ರಿಲ್ ಜಾರಿ ತೂತು ದೊಡ್ಡದಾದರೆ ಅಲ್ಲಿಗೆ ಮುಂದಿನ ಅಳತೆಯ, 5/32 ಇಂಚಿನ ರಿವೆಟೇ ಬೇಕು.