ಟೆಕ್ಸಾಸ್‌ನಲ್ಲಿ ಕರೆಂಟ್ ಹೋದರೆ ಯಾರನ್ನು ಕೇಳಬೇಕು?

ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಇಲ್ಲಿ ಬಾಡಿಗೆಗೆ ಮನೆ ಹಿಡಿದರೆ ಕರೆಂಟ್ ಕಂಪನಿಯನ್ನೂ ನಾವೇ ಆರಿಸಿಕೊಳ್ಳಬೇಕು. ಹತ್ತಾರು ಕಂಪನಿಗಳಿವೆ, ಒಂದೊಂದರದು ಒಂದೊಂದು ರೇಟು. ರಾಜ್ಯದ ಹೆಚ್ಚಿನ ಭಾಗದಲ್ಲಿ 2002ರಿಂದ ಇದೇ ಪದ್ಧತಿ. ಆಸ್ಟಿನ್, ಸ್ಯಾನ್ ಆಂಟೋನಿಯೊದಂಥ ಕೆಲವು ನಗರಗಳಲ್ಲಿ ಮಾತ್ರ ನಗರದ್ದೇ ಸ್ವಂತ ಕಂಪನಿ ಇದೆ.

ನಮಗೆ ಬಿಲ್ ಕಳಿಸುವವರು ಒಬ್ಬರು. ಕಂಬ, ತಂತಿ, ಮೀಟರ್ ಇನ್ನೊಬ್ಬರದು. ಕರೆಂಟ್ ಉತ್ಪಾದಿಸುವವರು ಮತ್ತೆ ಬೇರೆ. ಎಷ್ಟು ಉತ್ಪಾದನೆ, ಎಷ್ಟು ಬಳಕೆ ಅಂತ ಕ್ಷಣಕ್ಷಣಕ್ಕೂ ಸರಿದೂಗಿಸುವುದು ಎರ್ಕಾಟ್ ಎಂಬ ಸಂಸ್ಥೆ. ರಾಜ್ಯದ ಶೇ. 90ರಷ್ಟು ಬೇಡಿಕೆ ಅದರ ಗ್ರಿಡ್‌ನಲ್ಲಿ, ಅಂದರೆ ವಿದ್ಯುತ್ ಜಾಲದಲ್ಲಿ, ಇದೆ. ಅದರ ಮೇಲೆ ಕಣ್ಣಿಡಲು ರಾಜ್ಯದ ಪಬ್ಲಿಕ್ ಯುಟಿಲಿಟಿ ಕಮಿಷನ್. ಊರಲ್ಲಿ ಕರೆಂಟ್ ಹೋದರೆ ಜನ ಇವತ್ತಿಗೂ 'ಕೆಇಬಿಗೆ ಫೋನ್ ಮಾಡು' ಅಂತಾರೆ. ಇಲ್ಲಿ ಹಾಗೆ ಹೇಳಲು ಒಂದು ಹೆಸರೇ ಇಲ್ಲ.

2021ರ ಫೆಬ್ರವರಿಯಲ್ಲಿ ಇದರ ಬಿಸಿ ನಮಗೆ ನೇರವಾಗಿ ತಟ್ಟಿತು. ಡಲ್ಲಾಸ್‌ನಲ್ಲಿ ಚಳಿ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಈ ರಾಜ್ಯದ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಹೀಟರ್ ನಡೆಯುವುದು ಕರೆಂಟಿನಲ್ಲೇ. ನಮ್ಮ ಮನೆಯಲ್ಲಿ ಕರೆಂಟ್ ಹೋದದ್ದು ದಿನಗಟ್ಟಲೆ ಬರಲಿಲ್ಲ. ರಸ್ತೆಯ ಆಚೆ ಬದಿಯ ಮನೆಗಳಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಬಿಲ್ ಕಂಪನಿಗೆ ಫೋನ್ ಮಾಡಿದೆ. ತಂತಿಯವರನ್ನು ಕೇಳಿ ಅಂದರು. ತಂತಿಯವರು, ಕಡಿತ ಮಾಡಿ ಅಂತ ಗ್ರಿಡ್‌ನಿಂದ ಆದೇಶ ಬಂದಿದೆ ಅಂದರು. ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳಿರುವ ಲೈನುಗಳನ್ನು ಕತ್ತರಿಸುವಂತಿಲ್ಲ. ಹಾಗಾಗಿ ಕಡಿತವೆಲ್ಲ ಉಳಿದ ಲೈನುಗಳ ಮೇಲೆ ಬಿತ್ತು. ಸರದಿ ಪ್ರಕಾರ ಕತ್ತರಿಸೋಣ ಅಂದರೂ ಸರದಿ ತಿರುಗಿಸುವಷ್ಟು ಕರೆಂಟೇ ಇರಲಿಲ್ಲ. ಕತ್ತಲಾದ ಮನೆ ಕತ್ತಲಲ್ಲೇ ಉಳಿಯಿತು.

ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿ ಏನಾಯಿತು ಅನ್ನುವುದನ್ನು ಆಮೇಲೆ ವರದಿಗಳಲ್ಲಿ ಓದಿದೆ. ಇಲ್ಲಿನ ಗ್ರಿಡ್ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಆವರ್ತನೆಯಲ್ಲಿ, ಓಡುತ್ತದೆ, ಭಾರತದಲ್ಲಿ 50. ಬೇಡಿಕೆ ಜಾಸ್ತಿಯಾಗಿ ಉತ್ಪಾದನೆ ಸಾಲದೇ ಹೋದರೆ, ಏರು ಸಿಕ್ಕ ಸೈಕಲ್ ನಿಧಾನವಾಗುವಂತೆ ಈ ಸಂಖ್ಯೆ ಇಳಿಯುತ್ತದೆ. ಫೆಬ್ರವರಿ 15ರ ಬೆಳಗಿನ ಜಾವ 2 ಗಂಟೆಗೆ ಸ್ವಲ್ಪ ಮುಂಚೆ ಅದು 59.3ಕ್ಕೆ ಕುಸಿಯಿತು. 59.4ರ ಕೆಳಗೆ 9 ನಿಮಿಷ ನಿಂತರೆ ವಿದ್ಯುತ್ ಸ್ಥಾವರಗಳು ತಮ್ಮನ್ನು ಉಳಿಸಿಕೊಳ್ಳಲು ಒಂದೊಂದಾಗಿ ತಾವೇ ಬಂದ್ ಆಗುತ್ತವೆ. ಆಮೇಲೆ ಇಡೀ ಗ್ರಿಡ್ ಸತ್ತಂತೆ. ಅದನ್ನು ಸೊನ್ನೆಯಿಂದ ಎಬ್ಬಿಸಲು ವಾರಗಳೇ ಬೇಕಾಗಬಹುದು. ಅಂದು 4 ನಿಮಿಷ 23 ಸೆಕೆಂಡ್ ಆಗಿತ್ತು. ಆಪರೇಟರ್‌ಗಳು ಫೋನ್ ಮೇಲೆ ಫೋನ್ ಮಾಡಿ ಲೋಡ್ ಕತ್ತರಿಸುತ್ತಲೇ ಹೋದರು, ಸಂಖ್ಯೆ ಮೇಲೆ ಬಂತು. ಕಡಿತ ಒಂದು ಹಂತದಲ್ಲಿ 20,000 ಮೆಗಾವ್ಯಾಟ್ ಮುಟ್ಟಿತ್ತು. ಆ ಆಪರೇಟರ್‌ಗಳ ಬಗ್ಗೆ ನನಗೆ ಕೃತಜ್ಞತೆ ಇದೆ. ಅವರು ತಮ್ಮ ಕೆಲಸ ಮಾಡಿದರು.

ಆದರೆ ಆ ಚಳಿಯಲ್ಲಿ ಸತ್ತವರು, ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲೇ, 246 ಜನ. ಸಿಟ್ಟು ಬರುವುದು ಇಲ್ಲಿ. 2011ರ ಫೆಬ್ರವರಿಯಲ್ಲೂ ಇಂಥದ್ದೇ ಚಳಿ ಬಂದು ಇಲ್ಲಿ ಕರೆಂಟ್ ಕಡಿತವಾಗಿತ್ತು. ಸ್ಥಾವರಗಳನ್ನು ಚಳಿಗೆ ಸಜ್ಜು ಮಾಡಿ ಅಂತ ಕೇಂದ್ರದ ತನಿಖಾ ವರದಿ ವಿವರವಾಗಿ ಹೇಳಿತ್ತು. ಅದು ಬರೀ ಸಲಹೆ. ಪಾಲಿಸಲೇಬೇಕು ಅನ್ನುವ ಕಾನೂನು ಇರಲಿಲ್ಲ, ಪಾಲಿಸದವರಿಗೆ ದಂಡವೂ ಇರಲಿಲ್ಲ. ಇದೇ ರಾಜ್ಯದ ಪಶ್ಚಿಮ ತುದಿಯಲ್ಲಿ ಎಲ್ ಪಾಸೊ ಇದೆ. ಅದು ಎರ್ಕಾಟ್‌ಗೆ ಸೇರಿಲ್ಲ, ಪಶ್ಚಿಮ ರಾಜ್ಯಗಳ ಗ್ರಿಡ್‌ನಲ್ಲಿದೆ. ಅಲ್ಲಿನವರು 2011ರ ನಂತರ ದುಡ್ಡು ಹಾಕಿ ಸ್ಥಾವರಗಳನ್ನು ಚಳಿಗೆ ಸಜ್ಜು ಮಾಡಿದರು. 2021ರಲ್ಲಿ ಅಲ್ಲಿ ಹೆಚ್ಚೇನೂ ತೊಂದರೆಯಾಗಲಿಲ್ಲ.

ಎರ್ಕಾಟ್ ಗ್ರಿಡ್ ರಾಜ್ಯದ ಗಡಿಯೊಳಗೇ ಮುಗಿಯುತ್ತದೆ. ಹೊರಗಿನ ಗ್ರಿಡ್‌ಗಳ ಜೊತೆ ಕೆಲವೇ ಡಿಸಿ (ನೇರ ವಿದ್ಯುತ್) ಸಂಪರ್ಕಗಳಿವೆ. ಕೇಂದ್ರದ ನಿಯಂತ್ರಣ ಬೇಡ ಅಂತಲೇ ಟೆಕ್ಸಾಸ್ ಹೀಗೆ ಉಳಿಸಿಕೊಂಡಿದೆ. 2003ರ ಆಗಸ್ಟ್ 14ರಂದು ಈಶಾನ್ಯ ಅಮೆರಿಕ ಮತ್ತು ಕೆನಡಾದ ಒಂಟಾರಿಯೊದಲ್ಲಿ 5 ಕೋಟಿ ಜನ ಕತ್ತಲಲ್ಲಿ ಮುಳುಗಿದ ಮೇಲೆ, 2005ರ ಕಾನೂನು ಗ್ರಿಡ್ ವಿಶ್ವಾಸಾರ್ಹತೆಯ ನಿಯಮಗಳನ್ನು ಕಡ್ಡಾಯ ಮಾಡಿತು. ಅವು ಟೆಕ್ಸಾಸ್‌ಗೂ ಅನ್ವಯಿಸುತ್ತವೆ. ಆದರೆ ಚಳಿಗೆ ಸಜ್ಜಾಗುವ ನಿಯಮ ಆಗ ಅದರಲ್ಲಿ ಇರಲಿಲ್ಲ. ಸಾಕಷ್ಟು ಸ್ಥಾವರ ಇರುವಂತೆ ನೋಡಿಕೊಳ್ಳುವ ಹೊಣೆ ರಾಜ್ಯದ್ದೇ, ರಾಜ್ಯ ಅದನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಕೊರತೆ ಬಂದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಸ್ಥಾವರ ಕಟ್ಟುತ್ತಾರೆ ಅನ್ನುವ ನಂಬಿಕೆ. ಆ ವಾರ ಸಗಟು ಬೆಲೆ ಯೂನಿಟ್‌ಗೆ 9 ಡಾಲರ್‌ನಲ್ಲಿ ದಿನಗಟ್ಟಲೆ ನಿಂತಿತ್ತು. ಹೆಪ್ಪುಗಟ್ಟಿದ ಪೈಪನ್ನು ಬೆಲೆ ಕರಗಿಸುವುದಿಲ್ಲ.

ಪೈಪು ಅಂದೆ ಅಲ್ವಾ, ಅದು ಎಷ್ಟು ಸಣ್ಣ ಪೈಪು ಅಂತ ನೋಡಿ. ಸೌತ್ ಟೆಕ್ಸಾಸ್ ಅಣುಸ್ಥಾವರದ ಒಂದು ರಿಯಾಕ್ಟರ್ ಅದೇ 15ರ ಬೆಳಿಗ್ಗೆ ನಿಂತುಹೋಯಿತು. ಸುಮಾರು 1,300 ಮೆಗಾವ್ಯಾಟ್‌ನ ಯಂತ್ರ. ರಿಯಾಕ್ಟರ್‌ನಲ್ಲಿ ಏನೂ ದೋಷ ಇರಲಿಲ್ಲ. ನೀರು ಪೂರೈಸುವ ವ್ಯವಸ್ಥೆಯಲ್ಲಿ ಒತ್ತಡ ಅಳೆಯುವ ಸೆನ್ಸರ್‌ನ ಲೈನು ಹೆಪ್ಪುಗಟ್ಟಿತ್ತು. ಅಂಥ ಲೈನಿಗೆ ಬೇಕಾದದ್ದು ಸುತ್ತಲೂ ಬಿಸಿ ಮಾಡುವ ಒಂದು ವೈರು, ಮೇಲೊಂದು ಹೊದಿಕೆ, ಗಾಳಿಗೆ ಅಡ್ಡ ಒಂದು ತಡೆ.

ಇನ್ನು ಗ್ಯಾಸಿನ ಕತೆ. ಇಲ್ಲಿ ಕರೆಂಟ್ ಉತ್ಪಾದನೆಗೆ ಗ್ಯಾಸ್ ಬೇಕು, ಗ್ಯಾಸ್ ಎತ್ತಲು, ತಳ್ಳಲು ಕರೆಂಟ್ ಬೇಕು. ತಮ್ಮ ಲೈನು ಕತ್ತರಿಸಬೇಡಿ ಅನ್ನುವ ಅರ್ಜಿಯನ್ನು ಹಲವು ಗ್ಯಾಸ್ ಕಂಪನಿಗಳು ತುಂಬಿ ಕೊಟ್ಟಿರಲಿಲ್ಲ. ಹಾಗಾಗಿ ಅವರ ಲೈನೂ ಹೋಯಿತು. ಗ್ಯಾಸ್ ಕಡಿಮೆಯಾಯಿತು, ಅದರಿಂದ ಕರೆಂಟ್ ಇನ್ನೂ ಕಡಿಮೆಯಾಯಿತು. ಗ್ಯಾಸ್ ನೋಡಿಕೊಳ್ಳುವುದು, ಹೆಸರು ರೈಲಿನದಾದರೂ, ರಾಜ್ಯದ ರೈಲ್‌ರೋಡ್ ಕಮಿಷನ್, ಕರೆಂಟ್ ನೋಡಿಕೊಳ್ಳುವುದು ಯುಟಿಲಿಟಿ ಕಮಿಷನ್. ಇಬ್ಬರ ನಡುವೆ ಬಿದ್ದ ಒಂದು ಅರ್ಜಿ ಫಾರಂ ಎಷ್ಟೋ ಮನೆಗಳನ್ನು ಕತ್ತಲಲ್ಲಿ ಇಟ್ಟಿತು.

ಆಮೇಲೆ ಕಾನೂನು ಬಂತು. 2021ರ ಜೂನ್‌ನಲ್ಲಿ ಸಹಿಯಾದ ಸೆನೆಟ್ ಬಿಲ್ 3 ಪ್ರಕಾರ ಸ್ಥಾವರಗಳು ಚಳಿಗೆ ಸಜ್ಜಾಗಲೇಬೇಕು. ತಪ್ಪಿದರೆ ದಿನಕ್ಕೆ 10 ಲಕ್ಷ ಡಾಲರ್‌ವರೆಗೆ ದಂಡ. ಎರ್ಕಾಟ್ ಇನ್‌ಸ್ಪೆಕ್ಟರ್‌ಗಳು ಖುದ್ದಾಗಿ ಹೋಗಿ ನೋಡುತ್ತಾರೆ. 2022ರ ಡಿಸೆಂಬರ್‌ನಲ್ಲಿ, 2024ರ ಜನವರಿಯಲ್ಲಿ ಮತ್ತೆ ಕಡು ಚಳಿ ಬಂತು. ಎರ್ಕಾಟ್ ಒಂದು ಸಲವೂ ಕಡಿತದ ಆದೇಶ ಕೊಡಬೇಕಾಗಲಿಲ್ಲ. ಗ್ಯಾಸ್ ಕಡೆಯವರಿಗೆ ಇಂಥ ನಿಯಮ ಬಂದದ್ದು ಮಾತ್ರ 2022ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಒಂದು ಇಡೀ ಚಳಿಗಾಲ ಕಳೆದಿತ್ತು. ಇಷ್ಟು ತಡ ಮಾಡಿದ್ದಕ್ಕೆ ನನಗೆ ಯಾವ ಕಾರಣವೂ ಒಪ್ಪಿಗೆಯಾಗುವುದಿಲ್ಲ.

ಎರ್ಕಾಟ್ ಆಡಳಿತ ಮಂಡಳಿಯನ್ನೂ ಬದಲಾಯಿಸಿದರು. ಮುಂಚೆ ಅದರಲ್ಲಿ ಬೇರೆ ರಾಜ್ಯದಲ್ಲಿ ವಾಸಿಸುವವರೂ ಇದ್ದರು. ಈಗ ಎಲ್ಲರೂ ಟೆಕ್ಸಾಸ್ ನಿವಾಸಿಗಳೇ ಆಗಿರಬೇಕು. ಆದರೆ 2023ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಎರ್ಕಾಟ್ ಸರ್ಕಾರದ ಅಂಗವಿದ್ದಂತೆ, ಅದರ ಮೇಲೆ ಪರಿಹಾರದ ದಾವೆ ಹೂಡುವಂತಿಲ್ಲ ಅಂತ 5-4ರ ತೀರ್ಪು ಕೊಟ್ಟಿತು. ಹಾಗಾದರೆ ಮನೆಯವರನ್ನು ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ಯುಟಿಲಿಟಿ ಕಮಿಷನ್‌ನ ಉಸ್ತುವಾರಿ ಎರಡು ಪಟ್ಟು ಗಟ್ಟಿಯಾಗಿರಬೇಕು ಅನ್ನುವುದು ನನ್ನ ಅಭಿಪ್ರಾಯ.

2024ರಲ್ಲಿ ಕಮಿಷನ್ ಮೊದಲ ಬಾರಿಗೆ ಒಂದು ಅಳತೆಗೋಲು ಇಟ್ಟಿತು. ಉತ್ಪಾದನೆ ಸಾಲದೆ ಕಡಿತ ಮಾಡುವ ಸಂದರ್ಭ 10 ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಬರಬಾರದು, ಬಂದರೂ 12 ಗಂಟೆಯೊಳಗೆ ಮುಗಿಯಬೇಕು, ಸರದಿ ಪ್ರಕಾರ ಕತ್ತರಿಸಲು ಆಗುವಷ್ಟಕ್ಕೇ ನಿಲ್ಲಬೇಕು. ನನಗೆ ಇದು ದೊಡ್ಡ ಹೆಜ್ಜೆ. ಇನ್ನು ಮೇಲೆ ಯೋಜನೆ ಸಾಲದು ಅಂತ ಹೇಳಲು ಒಂದು ಆಧಾರ ಸಿಕ್ಕಿತು.

ಈಗ ಭಾರೀ ಕರೆಂಟ್ ಬೇಕಾದ ಡೇಟಾ ಸೆಂಟರ್‌ಗಳು ಸಾಲುಗಟ್ಟಿ ಬರುತ್ತಿವೆ. 2025ರ ಸೆನೆಟ್ ಬಿಲ್ 6 ಎಂಬ ಕಾನೂನು, 75 ಮೆಗಾವ್ಯಾಟ್ ಅಥವಾ ಅದಕ್ಕಿಂತ ದೊಡ್ಡ ಹೊಸ ಗ್ರಾಹಕರು ತುರ್ತು ಸಮಯದಲ್ಲಿ ಕಡಿತಕ್ಕೆ ಸಿದ್ಧ ಇರಬೇಕು ಅನ್ನುತ್ತದೆ. ಹೈಟೆನ್ಷನ್ ಲೈನುಗಳ ಖರ್ಚು ಯಾರ ಬಿಲ್‌ಗೆ ಎಷ್ಟು ಬೀಳಬೇಕು ಅನ್ನುವುದನ್ನೂ ಪರಿಶೀಲಿಸಲು ಕಮಿಷನ್‌ಗೆ ಹೇಳಿದೆ. ಪಶ್ಚಿಮ ಟೆಕ್ಸಾಸ್‌ನ ತೈಲ ಪ್ರದೇಶಕ್ಕೆ 765 ಕಿಲೋವೋಲ್ಟ್ ಲೈನುಗಳಿಗೆ ಒಪ್ಪಿಗೆಯೂ ಸಿಕ್ಕಿದೆ. ಕಮಿಷನ್ ಸಭೆಗಳು ಇಂಟರ್‌ನೆಟ್‌ನಲ್ಲಿ ನೇರ ಪ್ರಸಾರವಾಗುತ್ತವೆ, ಸಾಮಾನ್ಯ ಗ್ರಾಹಕರೂ ಅಭಿಪ್ರಾಯ ಬರೆದು ಸಲ್ಲಿಸಬಹುದು. ನಾನು ಕೇಳಬೇಕೆಂದಿರುವುದು ಎರಡೇ ವಿಷಯ. ದೊಡ್ಡ ಲೈನು ಬೇಕು ಅಂತ ಕೇಳಿದವರು ಅದರ ಖರ್ಚಿನಲ್ಲಿ ದೊಡ್ಡ ಪಾಲು ಹೊರಬೇಕು. ಗ್ಯಾಸ್ ಕಂಪನಿಗಳ ತಪಾಸಣೆ ವರದಿಗಳು ಸ್ಥಾವರಗಳ ವರದಿ ಜೊತೆಗೇ, ಚಳಿಗಾಲಕ್ಕೆ ಮುಂಚೆ, ನಮ್ಮ ಕಣ್ಣಿಗೆ ಬೀಳಬೇಕು.